‘ಮೊಟ್ಟೆ, ಸಿಸ್ಟ್ ಕಂಡುಬಂದಿಲ್ಲ’: ಎಚ್‌ಐವಿ ಇರುವವರ ಭೇದಿಯಲ್ಲಿ ಈ ವರದಿ ಏಕೆ ಸಾಲದು

ತಿಂಗಳು ಕಳೆದರೂ ನಿಲ್ಲದ ಭೇದಿ. ದಿನಕ್ಕೆ ಹತ್ತು ಹನ್ನೆರಡು ಸಲ ನೀರಿನಂಥ ಮಲ, ಸೊಂಟದಲ್ಲಿ ಬಟ್ಟೆ ನಿಲ್ಲದಷ್ಟು ಇಳಿದ ತೂಕ. ಇಂಥ ರೋಗಿ ವಾರ್ಡಿಗೆ ಸೇರಿದಾಗ ಮೊದಲು ಬರೆಯುವ ಪರೀಕ್ಷೆಗಳಲ್ಲಿ ‘ಸ್ಟೂಲ್ ರೊಟೀನ್’ ಒಂದು. ಸಂಜೆಯೊಳಗೆ ವರದಿ ಬರುತ್ತದೆ: ಮೊಟ್ಟೆ, ಸಿಸ್ಟ್ (ಪರಾವಲಂಬಿಯ ಗಟ್ಟಿ ಕವಚದ ರೂಪ) ಕಂಡುಬಂದಿಲ್ಲ. ಅದನ್ನು ಕೇಸ್ ಶೀಟಿಗೆ ಸೇರಿಸಿ ಮೆಟ್ರೊನಿಡಜೋಲ್ ಒಂದು ವಾರ, ಜತೆಗೊಂದು ಆ್ಯಂಟಿಬಯೋಟಿಕ್ ಐದು ದಿನ, ಒಂದು ಅಲ್ಬೆಂಡಜೋಲ್ ಮಾತ್ರೆ ಕೊಡುತ್ತಾರೆ. ಭೇದಿ ಎರಡು ದಿನ ತಗ್ಗಿದಂತೆ ಕಂಡು ಮತ್ತೆ ಹಿಡಿದುಕೊಳ್ಳುತ್ತದೆ.

ಆ ರೋಗಿಗೆ ಎಚ್‌ಐವಿ ಇದ್ದು ಸಿಡಿ4 (ಸೋಂಕು ತಡೆಯುವ ಬಿಳಿ ರಕ್ತಕಣಗಳ) ಎಣಿಕೆ 200ಕ್ಕಿಂತ ಕೆಳಗಿದ್ದರೆ ಈ ವರದಿಯ ಮೇಲೆ ಭಾರ ಹಾಕುವಂತಿಲ್ಲ. ಲ್ಯಾಬಿನವರು ತಪ್ಪು ಬರೆದಿಲ್ಲ; ಚೀಟಿಯಲ್ಲಿ ಕೇಳಿದ್ದನ್ನು ನೋಡಿದ್ದಾರೆ. ಆದರೆ ಇಂಥವರ ಕರುಳಲ್ಲಿ ಹೆಚ್ಚು ಹಾನಿ ಮಾಡುವ ಪರಾವಲಂಬಿಗಳು ಆ ಪರೀಕ್ಷೆಯಲ್ಲಿ ಕಾಣುವುದು ಅಪರೂಪ. ದೇಶದಲ್ಲಿ ಸುಮಾರು 25 ಲಕ್ಷ ಮಂದಿ ಎಚ್‌ಐವಿಯೊಂದಿಗೆ ಬದುಕುತ್ತಿದ್ದಾರೆ, ಅವರ ಸಂಖ್ಯೆ ಹೆಚ್ಚಿರುವ ರಾಜ್ಯಗಳ ಸಾಲಿನಲ್ಲಿ ಕರ್ನಾಟಕವೂ ಇದೆ. 2004ರಿಂದ ಎ.ಆರ್.ಟಿ., ಅಂದರೆ ಎಚ್‌ಐವಿಯನ್ನು ಹತ್ತಿಕ್ಕುವ ಔಷಧ, ಉಚಿತವಾಗಿ ಸಿಗುತ್ತಿದೆ. 2017ರಿಂದ ಸಿಡಿ4 ಎಷ್ಟೇ ಇರಲಿ, ಸೋಂಕು ಪತ್ತೆಯಾದ ಎಲ್ಲರಿಗೂ ಚಿಕಿತ್ಸೆ ಶುರುಮಾಡುವ ನೀತಿ ಬಂದಿದೆ. ಇಷ್ಟಾದರೂ ರೋಗ ಬಲಿತ ಮೇಲೆ ಮೊದಲ ಸಲ ಆಸ್ಪತ್ರೆ ಕಾಣುವವರು, ಮಾತ್ರೆ ನಡುವೆ ಬಿಟ್ಟು ಮತ್ತೆ ಬರುವವರು ಇದ್ದೇ ಇದ್ದಾರೆ. ಈ ಲೇಖನ ಮುಖ್ಯವಾಗಿ ಅವರ ಕುರಿತದ್ದು.

ರೊಟೀನ್ ಪರೀಕ್ಷೆಯ ಮಿತಿ

ಸ್ಲೈಡಿನ ಒಂದು ಬದಿಗೆ ಒಂದು ತೊಟ್ಟು ಉಪ್ಪುನೀರು, ಇನ್ನೊಂದು ಬದಿಗೆ ಒಂದು ತೊಟ್ಟು ಅಯೋಡಿನ್. ಎರಡರಲ್ಲೂ ಬೆಂಕಿಕಡ್ಡಿಯ ತುದಿಯಷ್ಟು, ಅಂದರೆ ಸುಮಾರು 2 ಮಿಲಿಗ್ರಾಂ ಮಲ ಕಲಸಿ, ಕವರ್‌ಸ್ಲಿಪ್ ಮುಚ್ಚಿ 10ರ ಲೆನ್ಸ್, 40ರ ಲೆನ್ಸ್‌ಗಳಲ್ಲಿ ನೋಡುವುದು. ಕೊಕ್ಕೆಹುಳು, ದುಂಡುಹುಳುಗಳ ಮೊಟ್ಟೆ ಇದರಲ್ಲಿ ಚೆನ್ನಾಗಿ ಕಾಣುತ್ತದೆ. ಕೊಕ್ಕೆಹುಳುವಿನ ಮೊಟ್ಟೆ ಸುಮಾರು 60 ಮೈಕ್ರಾನ್ ಉದ್ದ, ಕಣ್ಣು ತಪ್ಪಿಸಿಕೊಳ್ಳುವ ಗಾತ್ರವಲ್ಲ. ಆಮಶಂಕೆಯ ಅಮೀಬಾ, ಗಿಯಾರ್ಡಿಯಾಗಳ ಸಿಸ್ಟ್‌ಗಳೂ ಪಳಗಿದ ಕಣ್ಣಿಗೆ ಸಿಗುತ್ತವೆ.

ಈಗ ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿಯನ್ನು ನೋಡಿ. ಅದರ ಊಸಿಸ್ಟ್ (ಮಲದಲ್ಲಿ ಹೊರಬೀಳುವ, ಕವಚವಿರುವ ರೂಪ) ದುಂಡಗೆ 4ರಿಂದ 6 ಮೈಕ್ರಾನ್, ಕೆಂಪು ರಕ್ತಕಣಕ್ಕಿಂತ ಚಿಕ್ಕದು. ಬಣ್ಣ ಹಾಕದ ಸ್ಲೈಡಿನಲ್ಲಿ ಅದಕ್ಕೂ ಯೀಸ್ಟ್ ಕಣಕ್ಕೂ ವ್ಯತ್ಯಾಸ ಹೇಳುವುದು ಬಲು ಕಷ್ಟ. ಸೈಕ್ಲೊಸ್ಪೊರಾ ಅದಕ್ಕಿಂತ ದೊಡ್ಡದು, 8ರಿಂದ 10 ಮೈಕ್ರಾನ್. ಸಿಸ್ಟೊಐಸೊಸ್ಪೊರಾ ಬೆಲ್ಲೈ (ಹಳಬರು ಈಗಲೂ ಐಸೊಸ್ಪೊರಾ ಎಂದೇ ಕರೆಯುತ್ತಾರೆ) ಉದ್ದನೆಯ ಅಂಡಾಕಾರ, 20ರಿಂದ 33 ಮೈಕ್ರಾನ್. ಇದು ಗಾತ್ರದಲ್ಲಿ ದೊಡ್ಡದಾದರೂ ಗಾಜಿನಂತೆ ಪಾರದರ್ಶಕ. ಕಂಡೆನ್ಸರ್ ಕೆಳಗಿಳಿಸಿ ಬೆಳಕು ತಗ್ಗಿಸಿದರೆ ಅದರ ಗೆರೆ ಹೊಮ್ಮುತ್ತದೆ. ಪೂರ್ತಿ ಬೆಳಕಿನಲ್ಲಿ ನೋಡುವ ಆತುರದ ಕಣ್ಣಿಗೆ ಬೀಳುವುದೇ ಇಲ್ಲ. ಅದೇ ಸ್ಲೈಡಿನಲ್ಲಿ ಎರಡೂ ತುದಿ ಚೂಪಾದ, ಸೂಜಿಯಂಥ ಶಾರ್ಕೊ-ಲೇಡೆನ್ ಹರಳುಗಳು ಕಂಡರೆ ಸಿಸ್ಟೊಐಸೊಸ್ಪೊರಾವನ್ನು ಬಿಡದೆ ಹುಡುಕಬೇಕು. ಇನ್ನು ಮೈಕ್ರೊಸ್ಪೊರಿಡಿಯಾ ಬರೀ 1ರಿಂದ 2 ಮೈಕ್ರಾನ್, ಬ್ಯಾಕ್ಟೀರಿಯಾದಷ್ಟೇ. ಈಗ ಇದನ್ನು ಶಿಲೀಂಧ್ರಗಳ ಬಳಗಕ್ಕೆ ಸೇರಿಸಿದ್ದಾರೆ, ಆದರೂ ಹುಡುಕಾಟ ನಡೆಯುವುದು ಪರಾವಲಂಬಿ ವಿಭಾಗದ ಮೇಜಿನ ಮೇಲೆಯೇ.

ಇವು ಆರೋಗ್ಯವಂತರಿಗೂ ತಗಲುತ್ತವೆ. 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದ ನಲ್ಲಿ ನೀರಿನಲ್ಲಿ ಕ್ರಿಪ್ಟೊಸ್ಪೊರಿಡಿಯಂ ಸೇರಿ ಸುಮಾರು 4 ಲಕ್ಷ ಜನ ಕಾಯಿಲೆ ಬಿದ್ದರು. ಹೆಚ್ಚಿನವರಿಗೆ ಒಂದೆರಡು ವಾರದಲ್ಲಿ ತಾನಾಗಿ ವಾಸಿಯಾಯಿತು. ಎಚ್‌ಐವಿ ಕರುಳಿನ ಗೋಡೆಯಲ್ಲಿರುವ ಸಿಡಿ4 ಕಣಗಳನ್ನು ಸೋಂಕಿನ ಮೊದಲ ವಾರಗಳಲ್ಲೇ ಖಾಲಿ ಮಾಡತೊಡಗುತ್ತದೆ. ಕ್ರಿಪ್ಟೊಸ್ಪೊರಿಡಿಯಂ ಅನ್ನು ಹೊರದಬ್ಬುವ ಕೆಲಸ ಆ ಕಣಗಳದ್ದು. ಜತೆಗೆ, ಈ ಜೀವಿಯ ಊಸಿಸ್ಟ್‌ಗಳಲ್ಲಿ ತೆಳು ಗೋಡೆಯವು ಕರುಳಿನೊಳಗೇ ಒಡೆದು ಅದೇ ರೋಗಿಗೆ ಮತ್ತೆ ಸೋಂಕು ತರುತ್ತವೆ, ಹೊಸದಾಗಿ ಕೊಳಕು ನೀರು ಕುಡಿಯಬೇಕೆಂದೇನೂ ಇಲ್ಲ. ಸಿಡಿ4 ಎಣಿಕೆ 200ರ ಸುತ್ತಮುತ್ತ ಅಥವಾ ಮೇಲಿದ್ದವರಿಗೆ ಸಾಮಾನ್ಯವಾಗಿ ತಾನಾಗಿ ನಿಲ್ಲುವ ಭೇದಿ, 100ಕ್ಕಿಂತ ಕೆಳಗಿಳಿದವರಲ್ಲಿ ತಿಂಗಳುಗಟ್ಟಲೆ ಎಳೆಯುವುದು ಇದರಿಂದ. ಎಣಿಕೆ ತೀರ ಕುಸಿದವರಲ್ಲಿ ಪಿತ್ತನಾಳಕ್ಕೂ ಏರುತ್ತದೆ. ಬಲ ಪಕ್ಕೆಲುಬಿನ ಕೆಳಗೆ ನೋವು, ಅಲ್ಕಲೈನ್ ಫಾಸ್ಫಟೇಸ್ ಏರಿಕೆ ಅದರ ಸುಳಿವು.

ಬಣ್ಣ ಹಾಕುವ ಕೆಲಸ, ಅದು ಕೆಡುವ ಜಾಗ

ಕ್ರಿಪ್ಟೊಸ್ಪೊರಿಡಿಯಂ, ಸೈಕ್ಲೊಸ್ಪೊರಾ, ಸಿಸ್ಟೊಐಸೊಸ್ಪೊರಾ ಈ ಮೂರನ್ನೂ (ಇವನ್ನು ಕಾಕ್ಸಿಡಿಯಾ ಎನ್ನುತ್ತಾರೆ) ಒಂದೇ ಸ್ಲೈಡಿನಲ್ಲಿ ತೋರಿಸುವ ಬಣ್ಣವೊಂದಿದೆ: ಮಾರ್ಪಡಿಸಿದ ಆ್ಯಸಿಡ್-ಫಾಸ್ಟ್ ಬಣ್ಣ. ಇದಕ್ಕೆ ಬೇಕಾದ ಸಾಮಗ್ರಿಯ ಬಹುಪಾಲು ಕ್ಷಯ ಪರೀಕ್ಷೆಯ ಮೇಜಿನ ಮೇಲೆ ಆಗಲೇ ಇರುತ್ತದೆ. ಎ.ಆರ್.ಟಿ. ಕೇಂದ್ರ ಇರುವ ಆಸ್ಪತ್ರೆಯ ಲ್ಯಾಬು ಇದನ್ನು ಮಾಡದೆ ಇರಲು ಖರ್ಚಿನ ಸಬೂಬು ಹೇಳುವಂತಿಲ್ಲ.

ಮಲವನ್ನು ನೇರವಾಗಿ ಬಳಿಯುವುದಕ್ಕಿಂತ ಸಾಂದ್ರಗೊಳಿಸಿ ಬಳಿದರೆ ಸಿಗುವ ಸಂಭವ ಹೆಚ್ಚು. ಸುಮಾರು 1 ಗ್ರಾಂ ಮಲವನ್ನು ಶೇ. 10ರ ಫಾರ್ಮಲಿನ್ 7 ಮಿ.ಲೀ.ಯಲ್ಲಿ ಕದಡಿ, ಜಾಲರಿಯಲ್ಲಿ ಸೋಸಿ, 3 ಮಿ.ಲೀ. ಈಥರ್ ಅಥವಾ ಎಥೈಲ್ ಅಸಿಟೇಟ್ ಸೇರಿಸಿ, ಮುಚ್ಚಳ ಬಿಗಿಹಿಡಿದು ಚೆನ್ನಾಗಿ ಕುಲುಕಿ ಸೆಂಟ್ರಿಫ್ಯೂಜ್ ಮಾಡಬೇಕು. ಕೊಳವೆಯಲ್ಲಿ ನಾಲ್ಕು ಪದರ ನಿಲ್ಲುತ್ತವೆ: ಮೇಲೆ ಈಥರ್, ಅದರ ಕೆಳಗೆ ಜಿಡ್ಡು ಕಸದ ಬಿರಡೆ, ಆಮೇಲೆ ಫಾರ್ಮಲಿನ್, ತಳದಲ್ಲಿ ಗಸಿ. ಬಿರಡೆಯನ್ನು ಕಡ್ಡಿಯಿಂದ ಸುತ್ತಲೂ ಬಿಡಿಸಿ ಮೇಲಿನದ್ದೆಲ್ಲ ಚೆಲ್ಲಿದರೆ ಉಳಿಯುವ ಗಸಿಯೇ ನಮಗೆ ಬೇಕಾದದ್ದು. ಕ್ರಿಪ್ಟೊಸ್ಪೊರಿಡಿಯಂ ಬಲು ಹಗುರ. ಸೆಂಟ್ರಿಫ್ಯೂಜ್ ಅನ್ನು ನಿಧಾನವಾಗಿ, ಅಲ್ಪ ಹೊತ್ತು ತಿರುಗಿಸಿದರೆ ತಳ ಸೇರದೆ ಚೆಲ್ಲಿದ ನೀರಿನೊಂದಿಗೇ ಹೋಗುತ್ತದೆ.

ಗಸಿಯನ್ನು ತೆಳ್ಳಗೆ ಬಳಿದು, ಒಣಗಿಸಿ, ಮೆಥನಾಲ್‌ನಲ್ಲಿ ಸ್ಥಿರಗೊಳಿಸಿ, ಕಾಯಿಸದ ಕಾರ್ಬಾಲ್ ಫ್ಯೂಕ್ಸಿನ್ ಅನ್ನು 5 ನಿಮಿಷ ಹೊಯ್ದು ಬಿಡಬೇಕು. ತೊಳೆದ ಮೇಲೆ ಶೇ. 1ರ ಗಂಧಕಾಮ್ಲ 2 ನಿಮಿಷ. ಮತ್ತೆ ತೊಳೆದು ಮಿಥಿಲೀನ್ ಬ್ಲೂ 1 ನಿಮಿಷ. ಕೆಲಸ ಕೆಡುವುದು ಸಾಮಾನ್ಯವಾಗಿ ಆಮ್ಲದ ಹಂತದಲ್ಲಿ. ಕ್ಷಯದ ಕಫ ಪರೀಕ್ಷೆಗೆ ಬಳಸುವುದು ಶೇ. 25ರ ಗಂಧಕಾಮ್ಲ. ಕೈಗೆ ಸಿಕ್ಕಿತೆಂದು ಅದೇ ಬಾಟಲಿಯನ್ನು ಇಲ್ಲಿ ಹೊಯ್ದರೆ ಊಸಿಸ್ಟ್ ಹಿಡಿದುಕೊಂಡಿದ್ದ ಕೆಂಪು ಪೂರ್ತಿ ಬಿಟ್ಟುಹೋಗುತ್ತದೆ. ಸ್ಲೈಡ್ ನೀಲಿಯಾಗಿ, ಅಚ್ಚುಕಟ್ಟಾಗಿ ಕಾಣುತ್ತದೆ, ಆದರೆ ಹುಡುಕುವ ವಸ್ತುವೇ ಅದರಲ್ಲಿ ಇರುವುದಿಲ್ಲ. ಎರಡು ಬಾಟಲಿಗೂ ಬೇರೆ ಬಣ್ಣದ ಚೀಟಿ ಅಂಟಿಸಿ, ಹಿಂದೆ ಖಚಿತವಾಗಿ ಪಾಸಿಟಿವ್ ಬಂದ ಒಂದು ಸ್ಲೈಡನ್ನು ಪ್ರತಿ ಸಲವೂ ಜತೆಗಿಟ್ಟು ಬಣ್ಣ ಹಾಕಿದರೆ ಈ ತಪ್ಪು ಅಂದೇ ಸಿಕ್ಕಿಬೀಳುತ್ತದೆ. ಬಳಿತ ದಪ್ಪವಾದರೆ ಇದಕ್ಕೆ ತಿರುಗುಮುರುಗಾದ ತೊಂದರೆ: ಕೆಂಪು ಎಲ್ಲೆಡೆ ಉಳಿದು ಯೀಸ್ಟೂ ಊಸಿಸ್ಟಿನಂತೆ ಕಾಣುತ್ತದೆ.

ಓದುವಾಗ ಆಯಿಲ್ ಇಮರ್ಶನ್ ಲೆನ್ಸ್ ಬೇಕು, ಅಳೆಯಲು ಐಪೀಸ್ ಮೈಕ್ರೊಮೀಟರ್ ಬೇಕು. ಕೆಂಪಗೆ, ದುಂಡಗೆ ಕಂಡದ್ದನ್ನೆಲ್ಲ ಕ್ರಿಪ್ಟೊಸ್ಪೊರಿಡಿಯಂ ಎಂದು ಬರೆದರೆ ಸೈಕ್ಲೊಸ್ಪೊರಾ ಅದರಲ್ಲಿ ಮುಚ್ಚಿಹೋಗುತ್ತದೆ. ಸೈಕ್ಲೊಸ್ಪೊರಾ ಎರಡರಷ್ಟು ದೊಡ್ಡದು. ಕೆಲವು ಕಡು ಕೆಂಪು, ಕೆಲವು ತೆಳು ಗುಲಾಬಿ, ಕೆಲವಕ್ಕೆ ಬಣ್ಣವೇ ಹಿಡಿದಿರುವುದಿಲ್ಲ. ಈ ವ್ಯತ್ಯಾಸ ಪುಸ್ತಕದ ಜಾಣ್ಮೆಯಲ್ಲ: ಸೈಕ್ಲೊಸ್ಪೊರಾಗೆ ಅಗ್ಗದ ಮಾತ್ರೆ ಇದೆ, ಕ್ರಿಪ್ಟೊಸ್ಪೊರಿಡಿಯಂಗೆ ಇಲ್ಲ. ಎಲ್‌ಇಡಿ ಫ್ಲೋರೊಸೆನ್ಸ್ ಸೂಕ್ಷ್ಮದರ್ಶಕವಿರುವ ಕ್ಷಯ ಲ್ಯಾಬುಗಳಲ್ಲಿ ಆರಮಿನ್ ಬಣ್ಣದಿಂದ ಕ್ರಿಪ್ಟೊಸ್ಪೊರಿಡಿಯಂ ಅನ್ನು ಬೇಗ ಜಾಲಾಡಿ, ಅನುಮಾನ ಬಂದದ್ದನ್ನು ಕೆಂಪು ಬಣ್ಣದಲ್ಲಿ ಖಚಿತಪಡಿಸಿಕೊಳ್ಳಬಹುದು. ಮೈಕ್ರೊಸ್ಪೊರಿಡಿಯಾಗೆ ಮಾತ್ರ ಮಾರ್ಪಡಿಸಿದ ಟ್ರೈಕ್ರೋಮ್ ಎಂಬ ಬೇರೆಯೇ ಬಣ್ಣ ಬೇಕು. ಸಾಮಾನ್ಯವಾಗಿ ಮೆಡಿಕಲ್ ಕಾಲೇಜು ಮಟ್ಟದ ಲ್ಯಾಬಿಗೆ ಕಳಿಸಬೇಕಾಗುತ್ತದೆ.

ಮಾದರಿ ಕೊಡುವವರಿಗೆ ಇದನ್ನೆಲ್ಲ ಹೇಳಬೇಕಿಲ್ಲ, ಆದರೆ ಮೂರು ಮಾತು ಬಿಡಿಸಿ ಹೇಳಲೇಬೇಕು. ಅಗಲ ಬಾಯಿಯ ಒಣ ಡಬ್ಬಿ, ಮೂತ್ರ ಸೇರಬಾರದು. ಒಂದು ಮಾದರಿ ಸಾಲದು. ಊಸಿಸ್ಟ್ ದಿನವೂ ಒಂದೇ ಪ್ರಮಾಣದಲ್ಲಿ ಬೀಳುವುದಿಲ್ಲ, ಹತ್ತು ದಿನದೊಳಗೆ ದಿನ ಬಿಟ್ಟು ದಿನ ಮೂರು ಸಲ ಕೊಡಬೇಕು. ಆ್ಯಂಟಿಬಯೋಟಿಕ್ ಶುರುವಾಗುವ ಮೊದಲೇ ಮೊದಲನೆಯದು ಲ್ಯಾಬ್ ಸೇರಬೇಕು. ರಕ್ತ ಲೋಳೆ ಇದ್ದು ಅಮೀಬಾದ ಅನುಮಾನವಿದ್ದರೆ ಅರ್ಧ ಗಂಟೆಯೊಳಗೆ ನೋಡಬೇಕು. ವಾರ್ಡಿನ ಕಿಟಕಿಯಲ್ಲಿ ಮಧ್ಯಾಹ್ನದವರೆಗೆ ಇಟ್ಟ ಡಬ್ಬಿಯಲ್ಲಿ ಓಡಾಡುವ ಅಮೀಬಾ ಉಳಿದಿರುವುದಿಲ್ಲ.

ಚೀಟಿಯಲ್ಲಿ ‘ಸ್ಟೂಲ್ ರೊಟೀನ್’ ಎಂಬುದರ ಕೆಳಗೆ ‘ಕಾಕ್ಸಿಡಿಯಾಗಾಗಿ ಆ್ಯಸಿಡ್-ಫಾಸ್ಟ್ ಬಣ್ಣ, ರೋಗನಿರೋಧಕ ಶಕ್ತಿ ಕುಂದಿದ ರೋಗಿ’ ಎಂದು ಒಂದು ಸಾಲು ಸೇರಿಸಿದರೆ ಇಷ್ಟೆಲ್ಲ ಶುರುವಾಗುತ್ತದೆ. ಎಚ್‌ಐವಿ ಎಂದು ಕೆಂಪು ಶಾಯಿಯಲ್ಲಿ ಬರೆದ ಚೀಟಿಯನ್ನು ರೋಗಿಯ ಕೈಯಲ್ಲೋ ಅಟೆಂಡರ್ ಕೈಯಲ್ಲೋ ಕಳಿಸುವುದು ಬೇಡ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಈ ಗುಟ್ಟನ್ನು ಕಾಯುವ ಹೊಣೆಯನ್ನು ಆಸ್ಪತ್ರೆಯ ಮೇಲೆ ಹೊರಿಸಿದೆ. ಡಬ್ಬಿ ಮುಟ್ಟುವ ಸಿಬ್ಬಂದಿ ಪ್ರತಿ ಮಾದರಿಗೂ ಗ್ಲೌಸ್ ಹಾಕಿಕೊಳ್ಳಬೇಕು, ಯಾರ ಹೆಸರೆಂದು ನೋಡಿ ಹಾಕಿಕೊಳ್ಳುವುದಲ್ಲ.

ಹೆಸರು ಸಿಕ್ಕ ಮೇಲೆ

ಸಿಸ್ಟೊಐಸೊಸ್ಪೊರಾ ಸಿಕ್ಕರೆ ಅದು ಒಳ್ಳೆಯ ಸುದ್ದಿ. ಕೋಟ್ರೈಮಾಕ್ಸಜೋಲ್ ಡಬಲ್ ಸ್ಟ್ರೆಂತ್ ಮಾತ್ರೆ, ಅಂದರೆ 160 ಮಿ.ಗ್ರಾಂ ಟ್ರೈಮೆಥೊಪ್ರಿಮ್ ಮತ್ತು 800 ಮಿ.ಗ್ರಾಂ ಸಲ್ಫಾಮೆಥಾಕ್ಸಜೋಲ್, ದಿನಕ್ಕೆ ನಾಲ್ಕು ಸಲ 10 ದಿನ ಕೊಡುವುದು ರೂಢಿ. ದಿನಕ್ಕೆರಡು ಸಲದಿಂದ ಶುರುಮಾಡಿ ಬೇಕಾದರೆ ಏರಿಸುವವರೂ ಇದ್ದಾರೆ. ತಿಂಗಳುಗಳಿಂದ ಹಾಸಿಗೆ ಹಿಡಿದವರು ಕೆಲವೇ ದಿನಗಳಲ್ಲಿ ಎದ್ದು ಕೂರುತ್ತಾರೆ. ಸಲ್ಫಾ ಒಗ್ಗದವರಿಗೆ ಸಿಪ್ರೊಫ್ಲಾಕ್ಸಸಿನ್ ಇದೆ, ಆದರೆ ಅದರ ಕೈ ಸ್ವಲ್ಪ ಕೆಳಗೆ. 10 ದಿನ ಮುಗಿದಾಗ ‘ವಾಸಿಯಾಯಿತು’ ಎಂದು ಬಿಟ್ಟುಬಿಟ್ಟರೆ ಮತ್ತೆ ತೊಂದರೆ ತಪ್ಪಿದ್ದಲ್ಲ. 1980ರ ದಶಕದಲ್ಲಿ ಹೈಟಿ ದೇಶದಲ್ಲಿ ನಡೆದ ಅಧ್ಯಯನಗಳಲ್ಲಿ, ಮುಂದೆ ತಡೆ ಮಾತ್ರೆ ಇಲ್ಲದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರೋಗ ಮರುಕಳಿಸಿತು. ಆದ್ದರಿಂದ ಎ.ಆರ್.ಟಿ. ಜತೆಗೆ ತಡೆ ಪ್ರಮಾಣದ ಕೋಟ್ರೈಮಾಕ್ಸಜೋಲ್ ಮುಂದುವರಿಯಬೇಕು. ಸೈಕ್ಲೊಸ್ಪೊರಾಗೂ ಇದೇ ಮಾತ್ರೆ. ಎಣಿಕೆ ಕಡಿಮೆ ಇರುವವರಿಗೆ ಎ.ಆರ್.ಟಿ. ಕೇಂದ್ರ ಕೊಡುವ ದಿನಕ್ಕೊಂದು ಕೋಟ್ರೈಮಾಕ್ಸಜೋಲ್ ಮಾತ್ರೆಯನ್ನು ‘ಬಿಳಿ ದೊಡ್ಡ ಮಾತ್ರೆ, ನುಂಗಲು ಕಷ್ಟ’ ಎಂದು ಬಿಡುವವರಿಗೆ, ಅದು ನ್ಯುಮೋನಿಯಾದಿಂದಷ್ಟೇ ಅಲ್ಲ, ಈ ಭೇದಿಗಳಿಂದಲೂ ಕಾಯುತ್ತದೆ ಎಂದು ಹೇಳಬೇಕು.

ಕ್ರಿಪ್ಟೊಸ್ಪೊರಿಡಿಯಂ ಕಥೆ ಬೇರೆ. ನಿಟಜಾಕ್ಸನೈಡ್ ಆರೋಗ್ಯವಂತ ಮಕ್ಕಳಲ್ಲಿ ಕೆಲಸ ಮಾಡುತ್ತದೆ. ಸಿಡಿ4 ಕುಸಿದವರಲ್ಲಿ ಎ.ಆರ್.ಟಿ. ಇಲ್ಲದೆ ಕೊಟ್ಟರೆ ನೆಚ್ಚಿಕೊಳ್ಳುವಷ್ಟು ಗುಣ ಇಲ್ಲ. ಇಲ್ಲಿ ನಿಜವಾದ ಮದ್ದು ಎ.ಆರ್.ಟಿ.ಯೇ. ಸಿಡಿ4 100 ದಾಟತೊಡಗಿದರೆ ಭೇದಿ ಸಾಮಾನ್ಯವಾಗಿ ನಿಲ್ಲುತ್ತದೆ. ‘ಮೊದಲು ಭೇದಿ ನಿಲ್ಲಲಿ, ಆಮೇಲೆ ಎ.ಆರ್.ಟಿ.’ ಎಂದು ಕಾಯುವುದು ಈ ರೋಗದಲ್ಲಿ ತಿರುಗುಮುರುಗು ಲೆಕ್ಕ. ಮೈಕ್ರೊಸ್ಪೊರಿಡಿಯಾದಲ್ಲಿ ಒಂದು ಜಾತಿ (ಎನ್‌ಸೆಫಲಿಟೊಜೂನ್) ಅಲ್ಬೆಂಡಜೋಲ್ 400 ಮಿ.ಗ್ರಾಂ ದಿನಕ್ಕೆರಡು ಸಲಕ್ಕೆ ಬಗ್ಗುತ್ತದೆ. ಹೆಚ್ಚಾಗಿ ಕಾಣುವ ಎಂಟೆರೊಸೈಟೊಜೂನ್ ಬಗ್ಗುವುದಿಲ್ಲ, ಅದಕ್ಕೂ ಎ.ಆರ್.ಟಿ.ಯೇ ದಾರಿ.

ಅಲ್ಲಿಯವರೆಗೆ ಜೀವ ಹಿಡಿದಿಡುವುದು ನೀರು ಮತ್ತು ಲವಣ. ಕ್ರಿಪ್ಟೊಸ್ಪೊರಿಡಿಯಂ ಭೇದಿಯಲ್ಲಿ ದಿನಕ್ಕೆ ಹಲವು ಲೀಟರ್ ನೀರು ಹೋಗಬಹುದು. ದೊಡ್ಡ ಓಆರ್‌ಎಸ್ ಪೊಟ್ಟಣವನ್ನು ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೇ ಹಾಕಬೇಕು. ಒಂದು ಲೋಟಕ್ಕೆ ಅಂದಾಜಿನಲ್ಲಿ ಉದುರಿಸಿಕೊಂಡರೆ ಉಪ್ಪು ಹೆಚ್ಚಾಗಿ ಅಪಾಯ. ಪೊಟ್ಟಣ ಸಿಗದಿದ್ದರೆ ಒಂದು ಲೀಟರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡೂ ತಲೆತಟ್ಟಿ ಅಳೆದದ್ದು. ಗಂಜಿ, ಉಪ್ಪು ಹಾಕಿದ ಮಜ್ಜಿಗೆ ನಡೆಯುತ್ತದೆ. ಹಾಲು ಕೆಲವು ದಿನ ಒಗ್ಗದಿರಬಹುದು.

ಇಲ್ಲೊಂದು ವಿಷಯ ವಾರ್ಡುಗಳಲ್ಲಿ ತಪ್ಪಿಹೋಗುತ್ತದೆ. ಈಗ ಹೆಚ್ಚಿನವರು ನುಂಗುವ ಒಂದೇ ಎ.ಆರ್.ಟಿ. ಮಾತ್ರೆಯಲ್ಲಿ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಸೇರಿವೆ. ಮೈಯಲ್ಲಿ ನೀರು ಬತ್ತಿದಾಗ ಟೆನೊಫೊವಿರ್ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಹುದು, ಹೆಚ್ಚು ಪ್ರಮಾಣದ ಕೋಟ್ರೈಮಾಕ್ಸಜೋಲ್ ಪೊಟ್ಯಾಸಿಯಂ ಏರಿಸಬಹುದು. ತೀವ್ರ ಭೇದಿಯಲ್ಲಿ ಕ್ರಿಯಾಟಿನಿನ್, ಪೊಟ್ಯಾಸಿಯಂ ಎರಡನ್ನೂ ನೋಡದೆ ಮುಂದೆ ಹೋಗಬಾರದು. ಇನ್ನು ಡೊಲುಟೆಗ್ರಾವಿರ್‌ಗೆ ಸತು, ಕಬ್ಬಿಣ, ಕ್ಯಾಲ್ಸಿಯಂ, ಅಲ್ಯುಮಿನಿಯಂ, ಮೆಗ್ನೀಸಿಯಂ ಅಂಟಿಕೊಂಡು ಅದು ರಕ್ತಕ್ಕೆ ಸೇರದಂತೆ ತಡೆಯುತ್ತವೆ. ಭೇದಿ, ನಿಶ್ಶಕ್ತಿ ಎಂದು ಬರೆದುಕೊಡುವ ಜಿಂಕ್ ಮಾತ್ರೆ, ಟಾನಿಕ್, ಹೊಟ್ಟೆಯುರಿಗೆ ಕುಡಿಯುವ ಆ್ಯಂಟಾಸಿಡ್ ಎಲ್ಲ ಈ ಪಟ್ಟಿಯವೇ. ಎ.ಆರ್.ಟಿ. ಮಾತ್ರೆಯನ್ನು ಇವುಗಳಿಗಿಂತ 2 ಗಂಟೆ ಮೊದಲು ಅಥವಾ 6 ಗಂಟೆ ಆದಮೇಲೆ ನುಂಗಬೇಕು. ಎಲ್ಲವನ್ನೂ ರಾತ್ರಿ ಊಟದ ನಂತರ ಒಂದೇ ಹಿಡಿಯಲ್ಲಿ ಬಾಯಿಗೆ ಹಾಕಿಕೊಳ್ಳುವ ರೋಗಿಗೆ ಇದನ್ನು ಚೀಟಿಯ ಹಿಂದೆ ಗಡಿಯಾರದ ಗಂಟೆ ಸಮೇತ ಬರೆದುಕೊಡಬೇಕು.

ಬಣ್ಣದ ಸ್ಲೈಡು ಮೂರು ಸಲವೂ ಖಾಲಿ ಬಂದರೆ ಕರುಳಿನ ಕ್ಷಯ, ಸೈಟೊಮೆಗಲೊ ವೈರಸ್, ಕ್ಲಾಸ್ಟ್ರಿಡಿಯಂ ಡಿಫಿಸೈಲ್ ಇವುಗಳತ್ತ ಹೊರಳಬೇಕು. ನಮ್ಮ ದೇಶದಲ್ಲಿ ಕ್ಷಯವನ್ನು ಆ ಸಾಲಿನಲ್ಲಿ ಮೊದಲಿಗೆ ಇಡಬೇಕು.

ಜಂತುಹುಳುವಿನ ಮಾತ್ರೆ ಮತ್ತು ಸ್ಟೀರಾಯ್ಡ್

ಹುಳು ತೆಗೆದರೆ ಎಚ್‌ಐವಿಯ ಓಟವೂ ನಿಧಾನವಾದೀತು ಎಂಬ ಆಸೆ ಬಹಳ ಕಾಲ ಇತ್ತು. ಕೀನ್ಯಾದಲ್ಲಿ ಇನ್ನೂ ಎ.ಆರ್.ಟಿ. ಶುರುವಾಗದ ವಯಸ್ಕರಿಗೆ ಮೂರು ತಿಂಗಳಿಗೊಮ್ಮೆ ಅಲ್ಬೆಂಡಜೋಲ್ ಕೊಟ್ಟು ನೋಡಿದ, 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ರೋಗದ ಓಟವೇನೂ ತಗ್ಗಲಿಲ್ಲ. ಕೊಕ್ಕೆಹುಳುವಿನಿಂದ ರಕ್ತಹೀನತೆ ಆದವರಿಗೆ ಆ ಮಾತ್ರೆ ಬೇಕೇ ಬೇಕು, ಆದರೆ ಅದು ಎ.ಆರ್.ಟಿ.ಗೆ ಬದಲಿಯಾಗದು.

ಒಂದು ಹುಳು ಮಾತ್ರ ಈ ಮಾತ್ರೆಗೆ ಸುಲಭವಾಗಿ ಜಗ್ಗುವುದಿಲ್ಲ: ಸ್ಟ್ರಾಂಗೈಲಾಯ್ಡಿಸ್. ಬರಿಗಾಲಿನ ಚರ್ಮದ ಮೂಲಕ ಮಣ್ಣಿನಿಂದ ಬಂದು, ಕರುಳಿನಲ್ಲೇ ಮರಿ ಮಾಡಿ, ಅವೇ ಮತ್ತೆ ಗೋಡೆ ಕೊರೆದು ಒಳಹೋಗುವ ಹುಳು ಇದು. ಇಪ್ಪತ್ತು ಮೂವತ್ತು ವರ್ಷ ಸದ್ದಿಲ್ಲದೆ ಇದ್ದುಬಿಡುತ್ತದೆ. ಎಚ್‌ಐವಿ ಇರುವವರಿಗೆ ಮಿದುಳು ಕ್ಷಯಕ್ಕೋ, ಎ.ಆರ್.ಟಿ. ಶುರುವಾದಾಗ ಕಾಣುವ ಉರಿಯೂತಕ್ಕೋ ಡೆಕ್ಸಾಮೆಥಸೋನ್, ಪ್ರೆಡ್ನಿಸೊಲೋನ್ ಕೊಟ್ಟಾಗ ಈ ಹುಳು ಲೆಕ್ಕ ಮೀರಿ ಹೆಚ್ಚಿ ಶ್ವಾಸಕೋಶಕ್ಕೆ, ಮಿದುಳಿಗೆ ಹರಡಬಹುದು. ಹೋಗುವಾಗ ಕರುಳಿನ ಬ್ಯಾಕ್ಟೀರಿಯಾವನ್ನೂ ಎಳೆದುಕೊಂಡು ಹೋಗಿ ರಕ್ತ ನಂಜಾಗಿಸುತ್ತದೆ. ಇಯೊಸಿನೊಫಿಲ್ (ಹುಳು ಇದ್ದಾಗ ಸಾಮಾನ್ಯವಾಗಿ ಹೆಚ್ಚುವ ಬಿಳಿ ರಕ್ತಕಣ) ಏರಿರುತ್ತದೆ ಎಂದು ಕಾಯುವಂತಿಲ್ಲ, ಸ್ಟೀರಾಯ್ಡ್ ಅದನ್ನು ಅಡಗಿಸಿಬಿಡುತ್ತದೆ. ಮಲದಲ್ಲಿ ಕಾಣುವುದು ಮೊಟ್ಟೆಯಲ್ಲ, ಮರಿಹುಳು. ‘ಮೊಟ್ಟೆ ಕಂಡುಬಂದಿಲ್ಲ’ ಎಂಬ ವರದಿ ಇಲ್ಲಿಯೂ ಸಾಲದು. ಮರಿಗಳನ್ನು ಪತ್ತೆಮಾಡಲು ಮಲವನ್ನು ಅಗಾರ್ ಎಂಬ ಲೋಳೆ ಹಾಸಿದ ತಟ್ಟೆಯಲ್ಲಿಡುತ್ತಾರೆ; ಡಬ್ಬಿಯನ್ನು ಫ್ರಿಜ್ಜಿನಲ್ಲಿಟ್ಟರೆ ಮರಿಗಳು ಸೋತು, ಆ ತಟ್ಟೆಯಲ್ಲಿ ಹರಿದಾಡಿ ಗುರುತು ಬಿಡುವುದಿಲ್ಲ. ಚಿಕಿತ್ಸೆ ಐವರ್ಮೆಕ್ಟಿನ್, ಕೆ.ಜಿ. ತೂಕಕ್ಕೆ 200 ಮೈಕ್ರೊಗ್ರಾಂ, ಒಂದು ಅಥವಾ ಎರಡು ದಿನ. ರೋಗ ಹರಡಿದ್ದರೆ ಹುಳು ಕಾಣದಂತಾಗುವವರೆಗೆ ದಿನವೂ. ಹೊಲಗದ್ದೆಯಲ್ಲಿ ದುಡಿದವರಿಗೆ ಉದ್ದ ಕೋರ್ಸಿನ ಸ್ಟೀರಾಯ್ಡ್ ಬರೆಯುವ ಮೊದಲು ಇದನ್ನು ನೆನೆಯಬೇಕು.

ಎದುರು ದಿಕ್ಕಿನಿಂದಲೂ ಈ ನಂಟನ್ನು ನೋಡಬೇಕು. ಒಂದು ತಿಂಗಳು ಮೀರಿದ, ಕಾರಣ ತಿಳಿಯದ ಭೇದಿ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಎಚ್‌ಐವಿಯ 3ನೇ ಹಂತದ ಲಕ್ಷಣ. ತಿಂಗಳು ಮೀರಿದ ಕ್ರಿಪ್ಟೊಸ್ಪೊರಿಡಿಯಂ, ಸಿಸ್ಟೊಐಸೊಸ್ಪೊರಾ ಭೇದಿಗಳು 4ನೇ ಹಂತದವು. ಎಚ್‌ಐವಿ ಪರೀಕ್ಷೆ ಆಗಿರದ ರೋಗಿಯ ಮಲದಲ್ಲಿ ಲ್ಯಾಬಿಗೆ ಈ ಕೆಂಪು ಊಸಿಸ್ಟ್ ಕಂಡರೆ, ವರದಿ ಕೈಗೆ ಕೊಡುವುದರ ಜತೆಗೆ ವೈದ್ಯರಿಗೆ ಫೋನ್ ಮಾಡಿ ಹೇಳಬೇಕು. ಪರೀಕ್ಷೆ ರೋಗಿಯ ಒಪ್ಪಿಗೆಯಿಂದಲೇ ಆಗಬೇಕು, ಮೊದಲೂ ಆಮೇಲೂ ಆಪ್ತಸಮಾಲೋಚನೆ ಇರಬೇಕು. ಸರ್ಕಾರಿ ಐ.ಸಿ.ಟಿ.ಸಿ.ಗಳಲ್ಲಿ (ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷೆಯ ಕೇಂದ್ರಗಳಲ್ಲಿ) ಇದು ಉಚಿತ. 1097 ಸಹಾಯವಾಣಿಗೆ ಕರೆ ಮಾಡಿದರೆ ಹತ್ತಿರದ ಕೇಂದ್ರ ಎಲ್ಲಿದೆ ಎಂದು ತಿಳಿಸುತ್ತಾರೆ.

ವಾರ್ಡು, ಮನೆ, ಕೊಟ್ಟಿಗೆ

ಕ್ರಿಪ್ಟೊಸ್ಪೊರಿಡಿಯಂ ಮಲದೊಂದಿಗೆ ಹೊರಬಿದ್ದ ಕ್ಷಣದಿಂದಲೇ ಸೋಂಕು ತರಬಲ್ಲದು. ಸಿಸ್ಟೊಐಸೊಸ್ಪೊರಾಗೆ ಹೊರಗೆ ಒಂದೆರಡು ದಿನ, ಸೈಕ್ಲೊಸ್ಪೊರಾಗೆ ಒಂದೆರಡು ವಾರ ಮಾಗಬೇಕು. ಹೀಗಾಗಿ ವಾರ್ಡಿನಲ್ಲಿ ಒಬ್ಬರಿಂದೊಬ್ಬರಿಗೆ ದಾಟುವ ಭಯ ಮುಖ್ಯವಾಗಿ ಕ್ರಿಪ್ಟೊಸ್ಪೊರಿಡಿಯಂನದು. ಮಂಚದ ಕಾಲಿಗೆ ತೂಗುಹಾಕಿದ ಸ್ಯಾನಿಟೈಸರ್ ಅದನ್ನು ಕೊಲ್ಲುವುದಿಲ್ಲ, ನೆಲಕ್ಕೆ ಹಾಕುವ ಬ್ಲೀಚಿಂಗ್ ಪೌಡರಿನ ನೀರಿಗೂ ಅದು ಸಾಯುವುದಿಲ್ಲ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಉಜ್ಜಿ ತೊಳೆದರೆ ಕೈಯಿಂದ ಜಾರಿಹೋಗುತ್ತದೆ. ಶುಶ್ರೂಷೆ ಮಾಡುವವರಿಗೆ ಅದೇ ರಕ್ಷಣೆ. ಸಿಡಿ4 ಕಡಿಮೆ ಇರುವ ಇನ್ನೊಬ್ಬ ರೋಗಿಯನ್ನು ಅದೇ ಶೌಚಾಲಯ ಬಳಸುವ ಜಾಗದಲ್ಲಿ ಮಲಗಿಸಬಾರದು.

ಮನೆಯಲ್ಲಿ ಕುಡಿಯುವ ನೀರನ್ನು ಕ್ಲೋರಿನ್ ಮಾತ್ರೆ ನಂಬಿ ಬಿಡದೆ ಕುದಿಸಬೇಕು. ಗುಳ್ಳೆಯೆದ್ದು ಕೊತಕೊತ ಕುದಿಯತೊಡಗಿದ ಮೇಲೆ ಒಂದು ನಿಮಿಷ ಸಾಕು. ಕ್ಯಾನ್ ನೀರೂ ಕುದಿಸಿದ್ದಕ್ಕೆ ಸಮವಲ್ಲ. ಹಸಿ ಕೊತ್ತಂಬರಿ, ಪುದೀನ, ಸೌತೆಕಾಯಿಗಳನ್ನು ಸಿಡಿ4 ಏರುವವರೆಗೆ ಬೇಯಿಸಿಯೇ ತಿನ್ನುವುದು ಮೇಲು. ದನಕರು ಕಟ್ಟಿದ ಮನೆಗಳಲ್ಲಿ ಇನ್ನೊಂದು ಎಚ್ಚರ: ಹುಟ್ಟಿ ಕೆಲವೇ ವಾರದ, ಭೇದಿಯಾಗುತ್ತಿರುವ ಕರುವಿನ ಸಗಣಿಯಲ್ಲಿ ಮನುಷ್ಯರಿಗೂ ತಗಲುವ ಕ್ರಿಪ್ಟೊಸ್ಪೊರಿಡಿಯಂ ಪರ್ವುಮ್ ಹೇರಳವಾಗಿರುತ್ತದೆ. ಅಂಥ ಕರುವಿಗೆ ಹಾಲು ಕುಡಿಸುವ, ಕೊಟ್ಟಿಗೆ ಬಾಚುವ ಕೆಲಸವನ್ನು ಸಿಡಿ4 200 ದಾಟುವವರೆಗೆ ಮನೆಯ ಬೇರೆಯವರು ವಹಿಸಿಕೊಳ್ಳಲಿ. ಬಿಡುಗಡೆಯ ಚೀಟಿಯಲ್ಲಿ ಮಾತ್ರೆಗಳ ಹೆಸರಿನ ಕೆಳಗೆ ಈ ಸಾಲನ್ನೂ ಬರೆದುಕೊಟ್ಟರೆ, ಓದಿ ಹೇಳುವವರು ಮನೆಯಲ್ಲಿ ಯಾರಾದರೂ ಇದ್ದೇ ಇರುತ್ತಾರೆ.